ಪಂಚಮ ಇಳಿಸಿದ ಭಾನುವಾರ

ಜತ್ತದಿಂದ ಮಿರಜಿಗೆ ಮೊದಲ ಎಸ್‌ಟಿ ಬಸ್ ಹತ್ತಿ ಸಂಗೀತದ ಪಾಠಕ್ಕೆ ಹೊರಟಾಗ ಮಾಲಕಂಸ ರಾಗ ಕೈವಶವಾಗಿದೆ ಎಂಬ ಧೈರ್ಯ ನನಗಿತ್ತು. ಐದೇ ಸ್ವರ: ಸ, ಗ, ಮ, ದ, ನಿ. ಗ, ದ, ನಿ ಮೂರೂ ಕೋಮಲ, ಅಂದರೆ ಅರ್ಧ ಮೆಟ್ಟಿಲು ಕೆಳಗಿನವು. ರಿ, ಪ ಇಲ್ಲವೇ ಇಲ್ಲ. ಏಳು ಸ್ವರಗಳ ರಾಗದಲ್ಲಿ ಒದ್ದಾಡಿದವಳಿಗೆ ಐದು ಯಾವ ಲೆಕ್ಕ ಎಂದು ಮೂರು ವಾರ ಮೊಬೈಲ್ ತಂಬೂರಿ ಹಚ್ಚಿಕೊಂಡು ತಿಕ್ಕಿದ್ದೆ.

ಮಾಲಕಂಸ ನಡುರಾತ್ರಿ ದಾಟಿದ ಮೇಲೆ ಹಾಡುವ ರಾಗ. ಕನ್ನಡ ಶಾಲೆಯ ಶಿಕ್ಷಕಿಯಾದ ನನಗೆ ಸಿಗುವುದು ಭಾನುವಾರದ ಬೆಳಗಿನ ಹತ್ತು ಗಂಟೆ. ರಾಗ ಕೋಪಿಸಿಕೊಂಡರೂ ಬಸ್ಸಿನ ವೇಳೆ ಬದಲಾಗುವುದಿಲ್ಲ.

ಗುರೂಜಿಯ ತಂಬೂರಿ ಮಿರಜಿನಲ್ಲೇ ಹುಟ್ಟಿದ್ದು. ಕುದುರೆಯ ಮೇಲೆ, ತಂತಿಯ ಕೆಳಗೆ ನೂಲೆಳೆ ಸರಿಸಿ ತರುವ ಝೇಂಕಾರಕ್ಕೆ ಜವಾರಿ ಎನ್ನುತ್ತಾರೆ. ನಮ್ಮ ಕಡೆ ಜವಾರಿ ಎಂದರೆ ಊರ ತಳಿಯ ಜೋಳ, ಕೋಳಿ. ಮೊದಲ ದಿನ ಅವರು “ಜವಾರಿ ಸರಿ ಇಲ್ಲ” ಎಂದಾಗ ಊಟದ ಮಾತೆಂದೇ ತಿಳಿದಿದ್ದೆ.

“ಮನೆಯಲ್ಲಿ ಯಾವ ಶ್ರುತಿಗೆ ಹಾಡಿದಿರಿ?”

ಸ–ಪ ಎಂದೆ, ಅಂದರೆ ತಂಬೂರಿಯಲ್ಲಿ ಸ ಜೊತೆಗೆ ಪ ಮೊಳಗುವ ಶ್ರುತಿ. ಅವರು ಮಾತಾಡದೆ ಮೊದಲ ತಂತಿಯ ಬಿರಡೆ ಸಡಿಲಿಸಿ ಪಂಚಮವನ್ನು (ಪ) ಮಧ್ಯಮಕ್ಕೆ (ಮ) ಇಳಿಸಿದರು. ರಾಗದಲ್ಲಿಲ್ಲದ ಸ್ವರ ಮೂರು ವಾರ ಬೆನ್ನ ಹಿಂದೆ ಮೊಳಗುತ್ತಿತ್ತು, ನನಗೆ ಕೇಳಿಸಿಯೇ ಇರಲಿಲ್ಲ.

ಹಾಡಿದೆ. ಮಧ್ಯಮ ಈ ರಾಗದ ವಾದಿ, ಅಂದರೆ ಮುಖ್ಯ ಸ್ವರ, ನಿಂತಷ್ಟೂ ನಿಲ್ಲಬೇಕೆನಿಸುತ್ತದೆ. ಐದಾರು ನಿಮಿಷದಲ್ಲಿ ಅಲ್ಲೇ ಬೇರೂರಿ, ಅದನ್ನೇ ಷಡ್ಜ (ಸ) ಎಂದು ನಂಬಿ ಸುಖವಾಗಿ ಅಲೆಯುತ್ತಿದ್ದೆ. ಒಂದು ಸ್ವರವೂ ತಪ್ಪಿರಲಿಲ್ಲ. ತಂಬೂರಿ ನಿಂತಿತು.

“ತಾಯಿ, ಮನೆ ಬದಲಿಸಿದಿರಿ. ಈಗ ಹಾಡಿದ್ದು ಧಾನಿ ರಾಗ.”

ಪೇಟಿಯ (ಹಾರ್ಮೋನಿಯಂ) ಮೇಲೆ ಬೆರಳಿಟ್ಟು ತೋರಿಸಿದರು. ಮಂದ್ರದ, ಅಂದರೆ ಕೆಳ ಸ್ಥಾಯಿಯ, ಮದಿಂದ ಮಧ್ಯ ಸ್ಥಾಯಿಯ ಸಕ್ಕೆ ಇರುವ ದೂರ, ಸದಿಂದ ಪಕ್ಕೆ ಇರುವಷ್ಟೇ. ಹಾಗಾಗಿ ಕಿವಿ ಮವನ್ನು ಸ ಮಾಡಿಕೊಂಡು ಸವನ್ನು ಪ ಮಾಡಿಬಿಡುತ್ತದೆ. ಆಗ ದ ಹೋಗಿ ಕೋಮಲ ಗ, ನಿ ಹೋಗಿ ಮ, ಗ ಹೋಗಿ ಕೋಮಲ ನಿ. ಅವೇ ಐದು ಮನೆ, ಒಡೆಯ ಬೇರೆ. ಬೈದಿದ್ದರೆ ವಾಸಿಯಿತ್ತು, ಗುರೂಜಿ ನಕ್ಕರು.

ಮುಂದಿನ ಒಂದು ಗಂಟೆ ಬಂದಿಶ್ (ಕಟ್ಟಿದ ಹಾಡು) ಇಲ್ಲ, ತಾನ್ (ವೇಗದ ಸ್ವರಸರಣಿ) ಇಲ್ಲ. ಬರೀ ಗ ಮ ಗ ಸ. ಪ್ರತಿ ಸಲವೂ ಖರ್ಜದ, ಅಂದರೆ ಕೆಳಗಿನ ಸ ಮಿಡಿಯುವ, ತಂತಿ ಮಿಡಿಯುವವರೆಗೆ ಕಾದು ಅದರೊಳಗೆ ಸ ಇಳಿಸಬೇಕು. ನಡುವೆ ರಿ ಇಲ್ಲವಲ್ಲ, ಗಂಧಾರದಲ್ಲಿ ತುಸು ತೂಗಿ, ಹಳ್ಳ ದಾಟುವವರ ಹಾಗೆ ಕಾಲು ಚಾಚಬೇಕು. ಮೂವತ್ತನೆಯ ಸಲವೋ ನಲವತ್ತನೆಯದೋ, ಸ ಖರ್ಜದಲ್ಲಿ ಕರಗಿ ನನ್ನ ದನಿ ನನಗೇ ಕೇಳಿಸದಾಯಿತು. ಗುರೂಜಿ ಕಣ್ಣು ಮುಚ್ಚಿದ್ದರು. ಮೆಚ್ಚಿದರೋ, ನಿದ್ದೆ ಬಂದಿತ್ತೋ, ಕೇಳಲಿಲ್ಲ.

ಬಸ್ಸಿಗೆ ಇನ್ನೂ ಹೊತ್ತಿತ್ತು. ಮೀರಾಸಾಹೇಬರ ದರ್ಗಾದಲ್ಲಿ ಹಿಂದುಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರ ಸಮಾಧಿಯ ಬಳಿ ಕುಳಿತೆ. 1937ರಲ್ಲಿ ತೀರಿಕೊಂಡ ಅವರು ಕುಂದಗೋಳದ ಸವಾಯಿ ಗಂಧರ್ವರಿಗೆ ಕಲಿಸಿದವರು. ಅಲ್ಲಿ ಗುನುಗಲೂ ಬಾಯಿ ಬರಲಿಲ್ಲ.

ಸೋಮವಾರ ಶಾಲೆಯ ಪ್ರಾರ್ಥನೆಗೆ ಪೇಟಿ ಹಿಡಿದವಳು ಸ ಕೊಡುವ ಬದಲು ಮ ಕೊಟ್ಟೆ. ಮಕ್ಕಳು ಪಾಪ ಅಲ್ಲಿಂದಲೇ ಎತ್ತಿಕೊಂಡರು. ಎರಡನೆಯ ಸಾಲಿಗೆ ಅರ್ಧ ಗಂಟಲುಗಳು ಸಿಕ್ಕಿಬಿದ್ದವು. ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ಹಾಡು ನಿಲ್ಲಿಸಿ, “ಅಕ್ಕೋರೆ, ಇವತ್ತು ಬಹಳ ಮೇಲೆ ಹಿಡಿದಿದ್ದೀರಿ” ಎಂದಳು.