ಎಂಟು ಜನರ ಕೋಣೆಯಲ್ಲಿ ಒಂಟಿ ಯಾಕೆ?

ಕಾಸರಗೋಡಿನ ಕಡೆಯಿಂದ ಗಲ್ಫಿಗೆ ಹೊರಟ ಸಲಿಂಗಿ ಹುಡುಗರು ಕೇಳುವುದು ಒಂದೇ: "ಊರಲ್ಲಾದರೆ ಎಲ್ಲರ ಕಣ್ಣು. ದುಬೈಯಲ್ಲಿ ನನ್ನ ಗುರುತು ಯಾರಿಗುಂಟು? ಅಲ್ಲಿಗೆ ಹೋದರೆ ಸರಿಯಾದೀತಲ್ಲ?" ಹೋಗಿ ಆರು ತಿಂಗಳಾದ ಮೇಲೆ ಪ್ರಶ್ನೆ ಮಗುಚಿ ಬೀಳುತ್ತದೆ: "ಇಷ್ಟು ಜನರ ನಡುವೆ ಇದ್ದೂ ಒಂಟಿ ಅನಿಸುವುದು ಯಾಕೆ?"

ಮೊದಲನೆಯದಕ್ಕೆ ಉತ್ತರ ಸಣ್ಣದು. ಗುರುತು ಉಂಟು. ಬದಿಯಡ್ಕ ಪೇಟೆಯಲ್ಲಿ ವರ್ಷಕ್ಕೊಮ್ಮೆಯೂ ಸಿಗದ ನೆಂಟ ದುಬೈಯ ದೇರಾ ಪೇಟೆಯ ಸೂಪರ್‌ಮಾರ್ಕೆಟಿನಲ್ಲಿ ವಾರ ವಾರ ಸಿಗುತ್ತಾನೆ. ವೀಸಾ ಮಾಡಿಸಿದವ ಕುಂಬಳೆಯವ, ಕೋಣೆ ಹಿಡಿದುಕೊಟ್ಟವ ಉಪ್ಪಳದವ. ಊರು ಬಿಟ್ಟರೂ ಊರಿನವರು ಬಿಡುವುದಿಲ್ಲ.

ಎರಡನೆಯದು ಅಷ್ಟು ಸುಲಭವಲ್ಲ. ಬೆಡ್ ಸ್ಪೇಸ್ ಎಂದರೆ ಒಂದು ಕೋಣೆ, ಎರಡಂತಸ್ತಿನ ಮಂಚಗಳು, ಆರೋ ಎಂಟೋ ಜನ. ಮಂಚಕ್ಕೆ ಕಟ್ಟಿದ ಪರದೆಯೇ ನಿಮ್ಮ ಬಾಗಿಲು. ಸ್ವಲ್ಪ ಹೆಚ್ಚು ಕೊಟ್ಟರೆ ಪಾರ್ಟಿಶನ್ ಸಿಗುತ್ತದೆ, ಪಕ್ಕದವನ ಕೆಮ್ಮು ಕೇಳುವಷ್ಟು ತೆಳು ಗೋಡೆಯದು. ಊಟ ಮುಗಿದ ಮೇಲೆ ಮಾತು ಮದುವೆಗೇ ಹೋಗುತ್ತದೆ. ನೀವೂ ಏನಾದರೂ ಹೇಳಬೇಕಲ್ಲ. "ಅವನು" ಎನ್ನಬೇಕಾದಲ್ಲಿ "ಅವರು" ಎಂದು ಜಾರಿಕೊಳ್ಳುವ ಅನುಕೂಲ ನಮ್ಮ ಭಾಷೆಯಲ್ಲಿದೆ. ಆದರೆ ಪ್ರಾಯದ ಹುಡುಗ ಗೆಳತಿಗೆ ಬಹುವಚನ ಹಾಕಿದರೆ ಕೋಣೆಯೆಲ್ಲ ನಗುತ್ತದೆ. ಹಾಗಾಗಿ "ಅವಳು" ಹುಟ್ಟುತ್ತಾಳೆ. ಅವಳಿಗೊಂದು ಹೆಸರು, ಒಂದು ಊರು, ಒಂದು ಕೆಲಸ. ಇವನ್ನೆಲ್ಲ ನೆನಪಿಡಬೇಕು. ನೆನಪಿಡುವ ಕಷ್ಟಕ್ಕೆ ಮಾತೇ ಕಡಿಮೆಯಾಗುತ್ತದೆ. ಒಂಟಿತನ ಬರುವುದು ಜನ ಇಲ್ಲದೆ ಅಲ್ಲ, ಹೀಗೆ ಮಾತು ತಗ್ಗುತ್ತ ತಗ್ಗುತ್ತ.

ಆಗ ಕೈ ಹೋಗುವುದು ಡೇಟಿಂಗ್ ಆ್ಯಪಿಗೆ. ಎಡವಟ್ಟು ಅಲ್ಲೇ. ಬೇಕಾಗಿರುವುದು ಸುಳ್ಳಿಲ್ಲದೆ ಒಂದು ಗಂಟೆ ಮಾತು. ಆ್ಯಪು ಕೊಡುವುದು ಮೈ, ಅದೂ ಅಪಾಯದ ಜೊತೆಗೆ. ಮೈಯ ಹಸಿವು ತಪ್ಪೆಂದು ನಾವು ಹೇಳುವುದಿಲ್ಲ. ಒಂದು ಹಸಿವಿಗೆ ಇನ್ನೊಂದರ ಊಟ ಬಡಿಸಿದರೆ ಹೊಟ್ಟೆ ತುಂಬದು, ಅಷ್ಟೆ.

ಅಪಾಯ ಎಷ್ಟು? ಭಾರತದಲ್ಲಿ ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು ದಂಡಸಂಹಿತೆಯ 377ನೇ ಕಲಮಿನಿಂದ ಹೊರಗಿಟ್ಟಿತು. ಆ ಧೈರ್ಯವನ್ನು ಬಜ್ಪೆಯಲ್ಲೋ ಕಣ್ಣೂರಿನಲ್ಲೋ ವಿಮಾನ ಹತ್ತುವ ಮೊದಲೇ ಕಳಚಿಡಬೇಕು. ಸೌದಿಯಲ್ಲಿ ಮರಣದಂಡನೆಗೂ ಅವಕಾಶವುಂಟು. ಕುವೈತಿನಲ್ಲಿ 7 ವರ್ಷದವರೆಗೆ ಜೈಲು. ಯುಎಇ, ಕತಾರುಗಳಲ್ಲೂ ಅಪರಾಧವೇ. ಬಹರೈನಿನ 1976ರ ದಂಡಸಂಹಿತೆ ಖಾಸಗಿ ಸಂಬಂಧವನ್ನು ಅಪರಾಧ ಎನ್ನುವುದಿಲ್ಲ, ಆದರೆ ಸಾರ್ವಜನಿಕ ಸಭ್ಯತೆಯ ಹೆಸರಿನಲ್ಲಿ ಹಿಡಿದದ್ದುಂಟು. ಯುಎಇಯಲ್ಲಿ ಸಲಿಂಗಿಗಳ ಡೇಟಿಂಗ್ ಆ್ಯಪ್ ಗ್ರೈಂಡರ್ ತೆರೆಯುವುದಿಲ್ಲ. "ವಿಪಿಎನ್ ಹಾಕಿ ಆ ತಡೆ ದಾಟಿದರಾಯಿತು" ಎನ್ನುವವರು ತಿಳಿದಿರಲಿ, ಅಪರಾಧಕ್ಕಾಗಿ ವಿಪಿಎನ್ ಬಳಸಿದರೆ ದಂಡ 5ರಿಂದ 20 ಲಕ್ಷ ದಿರ್ಹಂ.

ಪೊಲೀಸರಿಗಿಂತ ಮೊದಲು ಸಿಕ್ಕಿಸಿಹಾಕುವುದು ಸ್ವಂತ ಫೋನು. ಅಪ್ಪ ಅಮ್ಮನ ಫೋನಿಗೆ ನಿಮ್ಮದೇ ಜಿಮೇಲ್ ಹಾಕಿಕೊಟ್ಟಿದ್ದೀರಾ? ಹಾಗಿದ್ದರೆ ಶಾರ್ಜಾದಲ್ಲಿ ತೆಗೆದ ಫೋಟೋ ಗೂಗಲ್ ಫೋಟೋಸ್ ಮೂಲಕ ಪೆರ್ಲದ ಜಗಲಿಯಲ್ಲಿ ತೆರೆದೀತು. ಹೋಗುವ ಮೊದಲೇ ಅವರಿಗೆ ಬೇರೆ ಖಾತೆ ಮಾಡಿಕೊಡಿ. ಟ್ರೂಕಾಲರಿನಲ್ಲಿ ನಿಮ್ಮ ನಂಬರಿಗೆ ಮನೆಹೆಸರು ಸಮೇತ ಹೆಸರು ಬರಬಹುದು; ಅಪರಿಚಿತರಿಗೆ ಆ ನಂಬರು ಕೊಡಬೇಡಿ. ಮುಖವೂ ಮೈಯೂ ಒಂದೇ ಚಿತ್ರದಲ್ಲಿ ಬೇಡ. ಯಾರಾದರೂ ಚಿತ್ರ ಹಿಡಿದು ದುಡ್ಡು ಕೇಳಿದರೆ ಒಂದು ರೂಪಾಯಿಯೂ ಕೊಡಬೇಡಿ. ಕೊಟ್ಟವನಿಗೆ ಮರುವಾರ ಇನ್ನೊಂದು ಬಿಲ್ಲು ಬರುತ್ತದೆ. ಬೆದರಿಸುವವ ಭಾರತದಲ್ಲಿದ್ದರೆ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಇಲ್ಲಿ ದೂರು ಕೊಡಬಹುದು; ಊರಿನಲ್ಲಿ ಸೈಬರ್ ಸಹಾಯವಾಣಿ 1930.

ಯುಎಇಯ ವಾಸದ ವೀಸಾಕ್ಕೆ ಎಚ್‌ಐವಿ ಪರೀಕ್ಷೆ ಉಂಟು, ಪಾಸಿಟಿವ್ ಬಂದರೆ ವಾಪಸು ಕಳಿಸುತ್ತಾರೆ. ಸಂಶಯವಿದ್ದರೆ ರಜೆಯಲ್ಲಿ ಊರಲ್ಲೇ ನೋಡಿಸಿಕೊಳ್ಳಿ. ಕೇರಳ ಸರಕಾರದ "ಜ್ಯೋತಿಸ್" ಕೇಂದ್ರಗಳಲ್ಲಿ ಪರೀಕ್ಷೆ ಉಚಿತ, ಗುಟ್ಟು ಕಾಪಾಡಬೇಕೆಂದು 2017ರ ಕಾನೂನೇ ಉಂಟು. ಕಾಸರಗೋಡಿನಲ್ಲಿ ಪರಿಚಯದವರು ಕಂಡಾರು ಎಂದಾದರೆ ಮಂಗಳೂರಿನ ವೆನ್ಲಾಕ್ ಆಸ್ಪತ್ರೆಗೆ ಹೋಗಿ. ಸೋಂಕು ತಗಲಿದ ಸಂಶಯ ಬಂದರೆ ಸಂಪರ್ಕವಾದ 72 ಗಂಟೆಯೊಳಗೆ ತಡೆಯುವ ಮದ್ದು ಶುರುಮಾಡಿ 28 ದಿನ ನುಂಗಬೇಕು, ಆದರೆ ಅದನ್ನು ಗಲ್ಫಿನಲ್ಲಿ ಕೇಳುವುದೇ ಕಷ್ಟ. ಕಾಂಡೊಮ್ ಜೊತೆಗಿರಲಿ.

ರಜೆಯ 40 ದಿನದಲ್ಲಿ ಮನೆಯವರು ಹುಡುಗಿ ನೋಡಿಯೇ ನೋಡುತ್ತಾರೆ. ಒಂಟಿತನಕ್ಕೆ ಮದುವೆ ಮದ್ದಲ್ಲ. ಅದು ಇನ್ನೊಬ್ಬಳನ್ನೂ ಒಂಟಿ ಮಾಡುತ್ತದೆ. "ಎರಡು ವರ್ಷ ಸಾಲ ತೀರಲಿ" ಎಂದು ಮುಂದೂಡಿ. ಸಾಲ ಇಲ್ಲದ ಗಲ್ಫಿನವ ಅಪರೂಪ, ಯಾರೂ ಅನುಮಾನಿಸುವುದಿಲ್ಲ.

ಹೊರಡುವ ಮೊದಲು ಮಾಡಬೇಕಾದ ದೊಡ್ಡ ಕೆಲಸ ಒಂದೇ: ಊರಲ್ಲೋ ಮಂಗಳೂರಲ್ಲೋ ಒಬ್ಬರಿಗೆ ವಿಷಯ ಹೇಳಿಟ್ಟು ಹೋಗುವುದು. ಅಕ್ಕನಾದರೂ ಆದೀತು, ಕಾಲೇಜಿನ ಗೆಳತಿಯಾದರೂ ಆದೀತು. ಹೇಳುವುದು ಎದುರೆದುರೇ ಆಗಲಿ, ಬರೆದು ಬೇಡ. ಬರೆದದ್ದು ಮುಂದೆ ಹೋಗುತ್ತದೆ. ಯುಎಇಯಲ್ಲಿ ವಾಟ್ಸ್‌ಆ್ಯಪ್ ಕರೆ ಹೋಗುವುದಿಲ್ಲ, ವಾಯ್ಸ್ ಮೆಸೇಜು ಹೋಗುತ್ತದೆ. ಅಲ್ಲಿ ರಾತ್ರಿ ಒಂಬತ್ತು ಎಂದರೆ ಊರಲ್ಲಿ ಹತ್ತೂವರೆ. ವಾರಕ್ಕೆರಡು ದಿನ ಹೊತ್ತು ನಿಗದಿ ಮಾಡಿಕೊಳ್ಳಿ. ಕೇಳಲಿಕ್ಕೆ ಕೋಣೆ ಬೇಡ, ಮಂಚದ ಪರದೆಯೂ ಬೇಡ. ಇಯರ್‌ಫೋನ್ ಸಿಕ್ಕಿಸಿ ದೇರಾ ಕ್ರೀಕಿನ ದಂಡೆಯಲ್ಲಿ ನಡೆಯಿರಿ. ಫೋನಿಗೆ ಮಾತಾಡುತ್ತ ನಡೆಯುವ ಮಲಬಾರಿಯನ್ನು ಅಲ್ಲಿ ಯಾರೂ ತಿರುಗಿ ನೋಡುವುದಿಲ್ಲ.