ಹಿತ್ತಲದ ಮಾವಿನ ಗಿಡ ಕಡಸಾಕ ಹೊಂಟಿದ್ವಿ

ಹೋದ ವರ್ಷ ಮೇ ತಿಂಗಳ ನಡುಕ, ಕೃತ್ತಿಕಾ ಮಳಿ ಹಿಡದ ದಿನ, ಸಂಜಿಮುಂದ ನಾಲ್ಕೂವರಿ ಆಗಿತ್ತೇನೋ, ನಮ್ಮ ಹಿತ್ತಲದ ಮಾವಿನ ಗಿಡದ್ದೊಂದು ಟೊಂಗಿ ಮುರದು ಅವ್ವನ ಖೋಲಿ ಮ್ಯಾಲ ಬಿತ್ತು. ಅವತ್ತ ಮುಂಜಾನಿಂದ ಅಷ್ಟು ಕುದಿ ಇತ್ತು, ಅಂಗಿ ಮೈಗೆ ಅಂಟಿದ್ದು ಬಿಡವಲ್ದು, ಒಂದ ಎಲಿ ಸುದ್ದಾ ಅಳಗ್ಯಾಡವಲ್ದು. ಬೆಳಗಾವಿ ಅಂದ್ರ ತಂಪ ಊರು ಅಂತಾರ ಹೊರಗಿನವ್ರು, ಮೇ ತಿಂಗಳದಾಗ ಟಿಳಕವಾಡಿಯ ಹಂಚಿನ ಮನ್ಯಾಗ ಮಧ್ಯಾಹ್ನ ಒಂದ ತಾಸು ಕುಂತ್ರ ಗೊತ್ತಾಗ್ತೈತಿ. ಆಮ್ಯಾಲ ಒಮ್ಮೆಲೆ ಕತ್ತಲಾಗಿ ಗಾಳಿ ಬಿಟ್ಟಿತು, ಆಣಿಕಲ್ಲು ಹಂಚಿನ ಮ್ಯಾಲ ಟಪಟಪ ಬೀಳಾಕ ಹತ್ತಿದ್ವು, ಅದರ ನಡುವ ಒಂದ ದೊಡ್ಡ ಸಪ್ಪಳ. ಅವ್ವ ಹತ್ತ ನಿಮಿಷದ ಹಿಂದ ಚಹಾ ಇಡಾಕ ಅಡಗಿಮನಿಗೆ ಹೋಗಿದ್ಲು. ಆಕಿ ಮಲಗೋ ಕಾಟ್ ಮ್ಯಾಲ ಹಂಚಿನ ಚೂರು, ನೀರು, ಹಸಿ ಮಾವಿನಕಾಯಿ. ನಾ ಅದನ್ನ ನೋಡಿ ಎಷ್ಟೊತ್ತು ಬಾಗಲದಾಗ ನಿಂತಿದ್ನೋ ನೆನಪಿಲ್ಲ.

ಈ ಗಿಡ ಆಪೂಸ ಅಲ್ಲ, ಜವಾರಿ. ಅಜ್ಜ ತಿಂದು ಒಗದ ಗೊರಟದಿಂದ ಹುಟ್ಟಿದ್ದು, ಮನಿ ಕಟ್ಟಿದ ವರ್ಷದ್ದು, ಅಂದ್ರ ಅರವತ್ತರ ಮ್ಯಾಲ ವಯಸ್ಸು. ಬೊಡ್ಡಿ ಮೂರು ಫೂಟ ಅಡ್ಡ ಐತಿ, ಎದಿಮಟ ಎತ್ತರದಾಗ ಒಂದ ಪೊಟರಿ, ಅದರಾಗ ಹಾಲಕ್ಕಿ ಇರ್ತಾವು. ಮರುದಿನ ಓಣಿಯೆಲ್ಲಾ ಬಂದು ನೋಡಿ ಒಂದ ಮಾತ ಹೇಳಿದ್ರು, ಒಳಗ ಪೊಳ್ಳಾಗೇತಿ, ಮುದುಕ ಗಿಡ, ಕಡಸಿ ಬಿಡ್ರಿ. ಅವ್ವನೂ ಅದನ್ನ ಅಂದ್ಲು. "ನಲವತ್ತ ವರ್ಷ ಇದರ ಎಲಿ ಕಸಾ ಹೊಡದೀನಿ, ಇನ್ನ ಇದರ ಕೆಳಗ ಸಾಯಾಕ ನಾ ತಯಾರಿಲ್ಲ" ಅಂದ್ಲು. ಮುದುಕರಿಗೆ ಗಿಡದ ಮ್ಯಾಲ ಮಾಯೆ ಭಾಳ ಅಂತ ಎಲ್ಲಾರೂ ಬರೀತಾರ, ನಮ್ಮ ಮನ್ಯಾಗ ಉಲ್ಟಾ ಇತ್ತು, ಜೀವ ಹಿಡಕೊಂಡಾಂವ ನಾನ. ಆದ್ರ ಆ ಕಾಟ್ ನೋಡಿದ ಮ್ಯಾಲ ಆಕಿಗೆ ಎದುರು ಮಾತಾಡೋ ಧೈರ್ಯ ನನಗೂ ಇರಲಿಲ್ಲ.

ನಮ್ಮ ಕಂಪೌಂಡಿನಾಗಿನ ಗಿಡ ಆದ್ರೂ ಮನಸಿಗೆ ಬಂದಂಗ ಕಡಿಯಾಕ ಬರಂಗಿಲ್ಲ, 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ವೃಕ್ಷ ಅಧಿಕಾರಿ ಪರವಾನಗಿ ಬೇಕು. ಅದನ್ನ ಕೇಳಿ ಅರ್ಜಿ ಬರಿಯೂದ್ರಾಗ ನಾಕ ದಿನ ಹೋತು, ಆ ನಾಕ ದಿನದಾಗ ನಮ್ಮ ಅಕ್ಕನ ಮಗಳು ರಜಾಕ್ಕ ಬಂದ್ಲು. ಆಕಿ ಶಿರಸಿ ಫಾರೆಸ್ಟ್ರಿ ಕಾಲೇಜಿನಾಗ ಓದ್ಯಾಳ. ಬ್ಯಾಗ್ ಇಟ್ಟಾಕಿನ ಸೀದಾ ಹಿತ್ತಲಕ್ಕ ಹೋಗಿ, ಅಡಗಿಮನಿ ಕಟಗಿ ಸುತ್ತಿಗಿ ತಗೊಂಡು ಬೊಡ್ಡಿ ಸುತ್ತ ಬಡಕೋತ ಕಿವಿ ಇಟ್ಟು ಕೇಳಿದ್ಲು. ಆಮ್ಯಾಲ ಪೊಟರಿಯೊಳಗ ಕೋಲ ಹಾಕಿ ಅಳತಿ ತಗೊಂಡ್ಲು.

"ಮಾಮಾ, ಒಳಗ ಪೊಳ್ಳು ಒಂದ ಫೂಟ ಐತಿ. ಬೊಡ್ಡಿ ಮೂರು ಫೂಟ. ಸುತ್ತಲೂ ಸುಮಾರು ಒಂದೊಂದ ಫೂಟ ಗಟ್ಟಿ ಕಟಗಿ ಉಳದೈತಿ. ನಡು ಪಾಯಿಂಟಿಂದ ಹೊರಗಿನ ತನಕ ಎಷ್ಟ ಐತಿ ಅದರ ಮೂರನೇ ಒಂದ ಪಾಲು ಗಟ್ಟಿ ಇದ್ರ ಸಾಕು ಅಂತಾರ, ಅಂದ್ರ ಇದಕ್ಕ ಅರ್ಧ ಫೂಟ. ಬಿದರು ಪೊಳ್ಳಿರತೈತಿ, ಗಾಳಿಗೆ ಬೀಳ್ತದೇನು?"

ಬುಡದಾಗ ಕೂತು ಅಣಬಿ ಎದ್ದಾವೇನು, ಒರಲಿ ಹಿಡದೈತೇನು, ಒಂದ ಬದಿಗೆ ಮಣ್ಣ ಉಬ್ಬೇತೇನು ಎಲ್ಲಾ ನೋಡಿದ್ಲು. ಅವು ಇದ್ದಿದ್ರ ಆಕಿನೂ ಕಡೀರಿ ಅಂತಿದ್ಲು, ಬುಡದಾಗ ಅಣಬಿ ಎದ್ರ ಬೇರು ಕೊಳತಾವು ಅಂತ ಅರ್ಥ, ಅದಕ್ಕ ಔಷಧ ಇಲ್ಲ. ನಮ್ಮ ಗಿಡದಾಗ ಇರಲಿಲ್ಲ. ಆಮ್ಯಾಲ ಕೇಳಿದ್ಲು, "ಮ್ಯಾಲ ತಲಿ ಕತ್ತರಿಸಿದವ್ರು ಯಾರು?"

ನಾನ ಕತ್ತರಿಸಿದ್ದೆ. ಎಂಟ ವರ್ಷದ ಹಿಂದ, ಎಲಿ ಬಾಜೂ ಮನಿ ಸೋಲಾರ್ ಮ್ಯಾಲ ಬೀಳ್ತಾವು ಅಂತ ತಕರಾರ ಬಂದಿತ್ತು, ಒಬ್ಬ ಗುತ್ತಿಗಿಯವನ್ನ ಕರಸಿ ಮ್ಯಾಲಿನ ಟೊಂಗಿ ಎಲ್ಲಾ ಮೊಟಕ ಮಾಡಸಿದ್ದೆ, ಚೊಕ್ಕ ಕಾಣ್ತೈತಿ ಅಂತ ಎರಡು ಸಾವಿರ ಮ್ಯಾಲ ಕೊಟ್ಟಿದ್ದೆ. ಮುಂದಿನ ಎರಡ ವರ್ಷದಾಗ ಆ ಮೊಂಡಿನ ಸುತ್ತ ಕಸಬರಗಿ ಕಡ್ಡಿ ಎದ್ದಂಗ ಚಿಗುರು ಎದ್ವು, ನಾವೂ ಖುಷಿ ಪಟ್ವಿ, ಗಿಡ ಮತ್ತ ತುಂಬಿತು ಅಂತ. ಆಕಿ ಬಿದ್ದ ಟೊಂಗಿ ಬುಡ ಹೊರಳಿಸಿ ತೋರಿಸಿದ್ಲು, ತೊಡಿಯಷ್ಟು ದಪ್ಪ ಐತಿ, ಆದ್ರ ಅದರ ಬುಡ ಗಿಡದ ಒಳಗ ಹೋಗೇ ಇಲ್ಲ, ಮ್ಯಾಲ ಅಂಟಿಸಿದಂಗ ಕೂತಿತ್ತು. ಮೊದಲಿನ ಟೊಂಗಿ ಗಿಡದ ಜೋಡಿ ವರ್ಷಾ ವರ್ಷಾ ಸುತ್ತು ಹಾಕ್ಕೋತ ಬೆಳದಿರತೈತಿ, ಈ ಚಿಗುರು ಹಂಗಲ್ಲ, ತೊಗಟಿ ಕೆಳಗಿನ ಒಂದ ಪದರದಾಗ ಹುಟ್ಟತೈತಿ, ಲಗೂನ ಉದ್ದಾಗತೈತಿ, ಭಾರ ಆದ ಮ್ಯಾಲ ಕಿತ್ತ ಬರತೈತಿ. ಮತ್ತ ಒಮ್ಮೆಲೆ ನೆರಳ ಹೋಗಿದ್ದಕ್ಕ ಪಡುವಲ ಬಿಸಲು ಟೊಂಗಿಗೆ ನೇರ ಬಡದು ತೊಗಟಿ ಸೀಳಿತ್ತು, ಕೊಳಿ ಅಲ್ಲಿಂದ ಹೊಕ್ಕಿತ್ತು. ಅಂದ್ರ ಅವ್ವನ ಕಾಟ್ ಮ್ಯಾಲ ಬಿದ್ದದ್ದು ಗಿಡದ ಮುಪ್ಪಲ್ಲ, ನಾ ಮಾಡಿಸಿದ ಕೆಲಸ. ಅವತ್ತ ರಾತ್ರಿ ಊಟ ಸೇರಲಿಲ್ಲ.

ಗಿಡ ಕಡಸೂದು ಬಿಟ್ಟು ಕೆಟ್ಟ ಟೊಂಗಿ ಅಷ್ಟ ತಗಸೂದಂತ, ರೋಹಿಣಿ ಮಳಿ ಶುರು ಆಗೂ ಹೊತ್ತಿಗೆ ಒಂದ ರವಿವಾರ ಖಾನಾಪುರ ಕಡೆಯ ಗಿಡ ಏರೋ ಕಾಕಾನ್ನ ಕರಸಿದ್ವಿ. ಮೃಗಶಿರಾ ಹೊಕ್ಕರ ಬೊಡ್ಡಿ ಹಸಿ ಆಗಿ ಕಾಲ ಜಾರತೈತಿ, ಕೊಯ್ದ ಜಾಗಾನೂ ಒಣಗಂಗಿಲ್ಲ. ಮೊದಲ ಕರೆಂಟ್ ಲೈನ್ ಬಂದ್ ಮಾಡಿಸಿದ್ವಿ. ಕೆಳಗಿನ ಕಾಯಿ ಎಲ್ಲಾ ಇಳಿಸಿ ಅವ್ವನ ಮುಂದ ಸುರುವಿದ್ವಿ, ಗುಳಂಬಕ್ಕ. ಕಾಕಾಗ ನಮ್ಮ ಹುಡುಗಿ ಮಾತು ಸೇರಲಿಲ್ಲ. "ಅಕ್ಕಾರ, ಎಲ್ಲಾ ಸವರಿ ಬಿಡೂನ್ರಿ, ಗಾಳಿ ಹಿಡಿಯಂಗಿಲ್ಲ, ಪೊಟರಿಗೆ ಸಿಮೆಂಟ ತುಂಬೂನು, ಕೊಯ್ದ ಜಾಗಾಕ್ಕ ಡಾಂಬರ ಬಳಿಯೂನು, ಮೂವತ್ತ ವರ್ಷದಿಂದ ಹಿಂಗ ಮಾಡಕೋತ ಬಂದೀನ್ರಿ" ಅಂದ. ಆಕಿ ಸಿಟ್ಟಾಗಲಿಲ್ಲ. ಗಿಡಕ್ಕ ನಮ್ಮ ಚರ್ಮದಂಗ ಗಾಯ ಮಾಯಂಗಿಲ್ಲ ಕಾಕಾ, ಅದು ಕೊಳತ ಭಾಗದ ಸುತ್ತ ಒಳಗೊಳಗ ಗ್ವಾಡಿ ಕಟ್ಟಿಕೊಂಡು ಹೊರಗ ಹೊಸಾ ಕಟಗಿ ಬೆಳಸತೈತಿ ಅಂದ್ಲು. ಅಮೆರಿಕಾದ ಅಲೆಕ್ಸ್ ಶಿಗೊ ಅನ್ನೋ ವಿಜ್ಞಾನಿ ಸಾವಿರಗಟ್ಟಲೆ ಗಿಡ ಉದ್ದಕ್ಕ ಸೀಳಿ ನೋಡಿ 1970ರ ದಶಕದಾಗ ಇದನ್ನ ತೋರಿಸಿದಾರಂತ. ಡಾಂಬರ ಬಳದ್ರ ಒಳಗ ಹಸಿ ಉಳದು ಬೂಸಲಿಗೆ ಅನುಕೂಲ. ಸಿಮೆಂಟ ತುಂಬಿದ್ರ ಗಾಳಿಗೆ ಗಿಡ ಬಾಗತೈತಿ, ಸಿಮೆಂಟ ಬಾಗಂಗಿಲ್ಲ, ಒಳಗಿನ ಗ್ವಾಡಿ ತಿಕ್ಕಿ ಹೋಗತೈತಿ.

ಕಾಕಾ ಪೂರ್ತಿ ಒಪ್ಪಲಿಲ್ಲ, ಆದ್ರ ಆಕಿ ಬೆರಳಿಟ್ಟು ತೋರಿಸಿದಲ್ಲೆ ಕೊಯ್ದ. ಟೊಂಗಿ ಬೊಡ್ಡಿಗೆ ಕೂಡೋ ಜಾಗದಾಗ ಕೊರಳಪಟ್ಟಿ ಹಂಗ ಒಂದ ಉಬ್ಬು ಇರತೈತಿ, ಅದನ್ನ ಮುಟ್ಟಬಾರದು, ಗಾಯ ಮುಚ್ಚೋ ಹೊಸಾ ಕಟಗಿ ಅಲ್ಲಿಂದ ಬರತೈತಿ. ಮೊದಲ ಒಂದ ಫೂಟ ಹೊರಗ ಟೊಂಗಿ ಕೆಳಗಿಂದ ಸ್ವಲ್ಪ ಕೊಯ್ದ, ಆಮ್ಯಾಲ ಅದಕ್ಕಿಂತ ತುಸು ಆಚೆ ಮ್ಯಾಲಿಂದ ಪೂರ್ತಿ, ಟೊಂಗಿ ಹಗ್ಗದಾಗ ಜೋತಾಡಿ ಇಳೀತು, ಬೊಡ್ಡಿ ತೊಗಟಿ ಒಂದ ಎಳಿ ಸುದ್ದಾ ಸೀಳಲಿಲ್ಲ. ಕಡೀಕ ಉಳದ ಮೊಂಡು, ಉಬ್ಬಿಗೆ ಹತ್ತಿ ಹೊರಗ. ಆ ಹಗ್ಗದ ಕೆಲಸ ನೋಡಬೇಕಿತ್ತು, ಎರಡ ಕ್ವಿಂಟಲ್ ಕಟಗಿ ಹಂಚಿನ ಮ್ಯಾಲಿಂದ ಒಂದ ಹಂಚೂ ಒಡಿದಂಗ ಇಳಿಸಿದ, ಅದನ್ನ ಯಾವ ಕಾಲೇಜಿನಾಗೂ ಕಲಸಂಗಿಲ್ಲ ಅಂತ ಹುಡುಗಿನ ಹೇಳಿದ್ಲು. ಒಣಾ ಟೊಂಗಿ, ಬಂದಳಿಕಿ ಹಿಡದ ಎರಡ ಟೊಂಗಿ ಪೂರ್ತಿ ತಗದ್ವಿ. ಚಿಗುರಿನ ಗುಂಪಿನಾಗ ಒಂದೊಂದ ಮೊಂಡಿಗೆ ಎರಡೆರಡ ಗಟ್ಟಿ ಇದ್ದವು ಬಿಟ್ಟು ಉಳದದ್ದು ಸ್ವಲ್ಪ ಸ್ವಲ್ಪ. ಒಂದ ಸಲಕ್ಕ ಹಸರಿನಾಗ ನಾಲ್ಕನೇ ಒಂದ ಪಾಲಿನ ಮ್ಯಾಲ ಎಂದೂ ತಗೀಬಾರದು, ವಯಸ್ಸಾದ ಗಿಡಕ್ಕ ಇನ್ನೂ ಕಮ್ಮಿ, ಯಾಕಂದ್ರ ಎಲಿನ ಅದರ ಊಟ. ಬಿಸಲ ಬಡಿಯೋ ಟೊಂಗಿಗೆ ತೆಳ್ಳಗ ಸುಣ್ಣ ಹಚ್ಚಿದ್ವಿ.

ಮಧ್ಯಾಹ್ನ ರೊಟ್ಟಿ ಊಟ ಆದ ಮ್ಯಾಲ ನೆಲದ ಕೆಲಸ, ಅದು ನನಗ ಇನ್ನೂ ಬಿರಸ ಆತು. ಹಿತ್ತಲಕ್ಕ ಬೊಡ್ಡಿಗೆ ಹತ್ತಿ ಕಾಂಕ್ರೀಟ ಹಾಕಿಸಿದ್ದೂ ನಾನ, ಕೆಸರ ಆಗಬಾರದಂತ. ನೀರು ಕುಡಿಯೋ ಸಣ್ಣ ಬೇರು ಬಹಳಷ್ಟು ಮ್ಯಾಲಿನ ಎರಡ ಫೂಟ ಮಣ್ಣಿನಾಗ ಇರತಾವಂತ, ಅವಕ್ಕ ನೀರಷ್ಟೇ ಅಲ್ಲ ಗಾಳಿನೂ ಬೇಕು. ಪಿಕಾಸಿ ತಗೊಂಡು ನಾನ ಒಡದೆ. ಬೇರಿಗೆ ಪೆಟ್ಟ ಹತ್ತಬಾರದಂತ ತುಂಡ ಮಾಡಿ ಕೈಯಿಂದ ಎತ್ತಿ ಒಗದ್ವಿ, ಸಂಜಿತನಕ ಬೊಡ್ಡಿ ಸುತ್ತ ಐದ ಫೂಟ ಜಾಗ ಖುಲ್ಲಾ ಆತು. ಕೆಳಗಿನ ಕೆಂಪ ಮಣ್ಣು ಇಟ್ಟಂಗಿ ಹಂಗ ಬಿರಸಾಗಿತ್ತು, ಒಂದ ಎರಿಹುಳ ಇರಲಿಲ್ಲ. ಅದರ ಮ್ಯಾಲ ಆ ಗಿಡದ್ದ ಒಣಾ ಎಲಿ ಮೂರ ಇಂಚ ಹಾಸಿದ್ವಿ, ಬೊಡ್ಡಿಗೆ ಒಂದ ಗೇಣ ಬಿಟ್ಟು, ಹತ್ತಿ ಹಾಸಿದ್ರ ತೊಗಟಿ ಕೊಳೀತೈತಿ. ಅವ್ವ ಕಟ್ಟಿ ಮ್ಯಾಲ ಮಾವಿನಕಾಯಿ ಹೆರಕೋತ ಕುಂತಿದ್ಲು, "ನಲವತ್ತ ವರ್ಷ ನಾ ಹೊಡದ ಕಸಾನ ಈಗ ತಂದು ಹಾಸಾಕ ಹತ್ತೀರಿ" ಅಂದ್ಲು, ಅಷ್ಟ.

ಜುಲೈದಾಗ ಎಂಟ ದಿನ ಜಡಿಮಳಿ ಹಿಡೀತು. ಮೊದಲ ಹಿತ್ತಲದ ನೀರು ಗೇಟಿನ ತನಕ ಹರದ ಹೋಗತಿತ್ತು, ಈ ಸಲ ಬೊಡ್ಡಿ ಸುತ್ತ ಹಿಂಗತು. ಗಾಳಿ ಬಂದಾಗೊಮ್ಮೆ ನಾ ಎದ್ದು ಟಾರ್ಚ್ ಹಾಕಿ ನೋಡಿದೆ, ಒಂದೆರಡ ಚಿಲ್ಲರಿ ಕಡ್ಡಿ ಬಿಟ್ರ ಏನೂ ಬೀಳಲಿಲ್ಲ. ಈ ವರ್ಷ ಕೊಯ್ದ ಜಾಗದ ಸುತ್ತ ಬಳಿ ಹಂಗ ಹೊಸಾ ಕಟಗಿ ಉಬ್ಬೇತಿ, ನಾ ಫೋಟೊ ತಗದು ಹುಡುಗಿಗೆ ಕಳಸೀನಿ. ಅರ್ಜಿ ಹಂಗ ಡ್ರಾವರದಾಗ ಐತಿ, ಕೊಡಲಿಲ್ಲ. ಖೋಲಿ ಕಡೆ ಬಾಗಿದ್ದೊಂದು ಟೊಂಗಿ ಈ ಸಲದ ಕಾಯಿ ಇಳದ ಮ್ಯಾಲ ತಗಸಬೇಕು, ಕಾಕಾಗ ಫೋನ ಮಾಡೀನಿ. ಅವ್ವ ಮೋಡ ಕಟ್ಟಿದ ದಿನ ಇನ್ನೂ ಮುಂದಿನ ಖೋಲ್ಯಾಗ ಮಲಗತಾಳ, ನಾ ಆಕಿಗೆ ಏನೂ ಅನ್ನಂಗಿಲ್ಲ, ಹಾಸಗಿ ಎತ್ತಿ ಒಯ್ದು ಹಾಸಿ ಕೊಡ್ತೀನಿ.