ತೊಟ್ಟೆ ತೇಲಿಸಿದರೆ ಸಾಕಾ?

ಜುಲೈ 12, 2025, ಶನಿವಾರ

“ಮಾಮ, ತೊಟ್ಟೆಯನ್ನು ಎಷ್ಟು ನಿಮಿಷ ತೇಲಿಸ್ಲಿಕ್ಕೆ ಉಂಟು?”

ಮಂಗಳೂರಿನ ಬಿಜೈಯಲ್ಲಿರುವ ಅಕ್ಕನ ಮಗ. ಹಿಂದಿನಿಂದ ಮಳೆಯ ಸದ್ದು, ಅದರ ಮೇಲೆ ಅಕ್ಕನ ಸದ್ದು. ಅಂಗಡಿಯಿಂದ ಆರು ಕಪ್ಪು ಮೋಲಿ, ಗಾಜಿನ ಟ್ಯಾಂಕಿನಲ್ಲಿ ಸಾಕುವ ಮೀನು, ನೀರು ತುಂಬಿದ ಪ್ಲಾಸ್ಟಿಕ್ ತೊಟ್ಟೆಯಲ್ಲಿ ತಂದಿದ್ದಾನೆ. ಬಿಡುವ ಮೊದಲು ತೊಟ್ಟೆಯನ್ನು ಟ್ಯಾಂಕಿನ ನೀರಿನಲ್ಲಿ ತೇಲಿಸುವುದು ವಾಡಿಕೆ. ಹದಿನೈದು ನಿಮಿಷ ಎಂದು ಹೇಳಿ ಫೋನ್ ಇಡಬಹುದಿತ್ತು, ಎಲ್ಲರೂ ಹಾಗೆಯೇ ಹೇಳುವುದು. ಆದರೆ ತೇಲಿಸಿದರೆ ಸರಿಹೊಂದುವುದು ಬಿಸಿ ಮಾತ್ರ. ಈ ಮಳೆಗೆ ಅಂಗಡಿಯ ನೀರೂ ಮನೆಯ ನೀರೂ ಹೆಚ್ಚುಕಡಿಮೆ 26-27 ಡಿಗ್ರಿಯಲ್ಲೇ ಇರುತ್ತದೆ. ಏಪ್ರಿಲಿನಲ್ಲಿ ಸ್ಕೂಟರಿನ ಡಿಕ್ಕಿಯಲ್ಲಿ ಬೆಂದ ತೊಟ್ಟೆಯಾದರೆ ಮಾತು ಬೇರೆ. ನಮ್ಮೂರಲ್ಲಿ ಮೀನು ಸಾಯುವುದು ಬಿಸಿಯಿಂದಲ್ಲ, ನೀರಿನಿಂದ.

“ಟಿಡಿಎಸ್ ಮೀಟರ್ ಉಂಟಲ್ಲ, ಅಪ್ಪ ಕುಡಿಯುವ ನೀರಿಗೆ ತಂದದ್ದು? ಎರಡು ಕಡೆಯೂ ಅದ್ದಿ ನೋಡು.”

ತೊಟ್ಟೆಯಲ್ಲಿ 380. ಟ್ಯಾಂಕಿನಲ್ಲಿ 45. ನೀರಿನಲ್ಲಿ ಕರಗಿದ ಲವಣಾಂಶದ ಲೆಕ್ಕ ಅದು.

ಅದೇ ನೋಡಿ. ಅವರ ಟ್ಯಾಂಕಿನ ನೀರು ಮುರಕಲ್ಲಿನ (ಜಂಬಿಟ್ಟಿಗೆಯ) ಬಾವಿಯದ್ದು. ಆ ನೀರಿನಲ್ಲಿ ಸುಣ್ಣದ ಅಂಶ ಇಲ್ಲವೆನ್ನುವಷ್ಟು ಕಡಿಮೆ, ಪಿಎಚ್ ಹೆಚ್ಚಾಗಿ 7ಕ್ಕಿಂತ ಕೆಳಗೆ, ಅಂದರೆ ತುಸು ಹುಳಿ. ಅವನ ಟ್ಯಾಂಕಿನಲ್ಲಿ ಈಗಾಗಲೇ ಇರುವ ಟೆಟ್ರಾ ಎಂಬ ಪುಟ್ಟ ಮೀನುಗಳಿಗೆ ಅದು ಸ್ವರ್ಗ. ಮೋಲಿಗೆ ಬೇಕಾದದ್ದು ಸುಣ್ಣದ ಅಂಶ ಹೆಚ್ಚಿರುವ ಗಡಸು ನೀರು, ಪಿಎಚ್ 7.5ರ ಮೇಲೆ. ಗಡಸಿನಿಂದ ಮೆದು ನೀರಿಗೆ ಒಮ್ಮೆಲೇ ಇಳಿಸಿದರೆ ಕಿವಿರಿನ ಮೂಲಕ ನೀರು ಒಳಗೆ ನುಗ್ಗುತ್ತದೆ, ಮೈಯ ಲವಣ ಹೊರಗೆ ಸೋರುತ್ತದೆ. ಮೀನು ತಕ್ಷಣ ಸಾಯುವುದಿಲ್ಲ. ರೆಕ್ಕೆ ಮುದುಡಿಕೊಂಡು, ನಿಂತಲ್ಲೇ, ಮುಂದೆ ಹೋಗದೆ ಇಡೀ ಮೈಯನ್ನು ಹಾವಿನ ಹಾಗೆ ಓಲಾಡಿಸುತ್ತಿರುತ್ತದೆ. ಎರಡನೇ ದಿನವೋ ಮೂರನೇ ದಿನವೋ ತಳದಲ್ಲಿ. ಆಗ ಬೈಗುಳ ಅಂಗಡಿಯವನಿಗೆ.

100ರ ಒಳಗಿನ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ, ತೇಲಿಸಿ ಬಿಟ್ಟರೆ ಆಯಿತು. ಅದಕ್ಕಿಂತ ಹೆಚ್ಚಿದ್ದರೆ ಹನಿ ಹನಿ. ಸೋಪು ಕಾಣದ ಬಕೆಟಿಗೆ ಮೀನನ್ನು ತೊಟ್ಟೆಯ ನೀರಿನ ಸಮೇತ ಸುರಿಯುವುದು. ನೀರು ಒಂದು ಮೂಲೆಯಲ್ಲಿ ಆಳವಾಗಿ ನಿಲ್ಲುವಂತೆ ಬಕೆಟಿನ ಅಡಿಗೆ ಪುಸ್ತಕ ಕೊಟ್ಟು ಓರೆ ಮಾಡುವುದು. ಟ್ಯಾಂಕಿನಿಂದ ಏರ್ ಟ್ಯೂಬ್ ಇಳಿಸಿ, ಎಳೆದು ನೀರು ಹರಿಸಿ, ಟ್ಯೂಬಿಗೊಂದು ಗಂಟು. ಗಂಟು ಬಿಗಿ ಮಾಡುತ್ತಾ ಸೆಕೆಂಡಿಗೆ ಮೂರು ಹನಿಗೆ ತರಬೇಕು. ಇಪ್ಪತ್ತು ಹನಿಗೆ ಸುಮಾರು ಒಂದು ಮಿ.ಲೀ., ಅಂದರೆ ಗಂಟೆಗೆ ಅರ್ಧ ಲೀಟರಿಗೆ ಸ್ವಲ್ಪ ಹೆಚ್ಚು. ತೊಟ್ಟೆಯಲ್ಲಿ ಅರ್ಧ ಲೀಟರ್ ಇದ್ದರೆ ಒಂದು ಗಂಟೆಯಲ್ಲಿ ಎರಡರಷ್ಟು. ಅರ್ಧ ಚೆಲ್ಲಿ ಇನ್ನೊಮ್ಮೆ. ಮೇಲೆ ಬೈರಾಸು ಮುಚ್ಚಲೇಬೇಕು, ಮೋಲಿ ಹಾರುವ ಜಾತಿ. ಕೊನೆಗೆ ಬಲೆಯಲ್ಲಿ ಎತ್ತಿ ಮೀನು ಮಾತ್ರ ಟ್ಯಾಂಕಿಗೆ, ಬಕೆಟಿನ ನೀರು ಬಸಳೆ ಬುಡಕ್ಕೆ. ಅಂಗಡಿಯ ರೋಗ ಆ ನೀರಿನಲ್ಲೂ ಬರುತ್ತದೆ. ಆ ರಾತ್ರಿ ಲೈಟ್ ಇಲ್ಲ, ಮರುದಿನದವರೆಗೆ ತಿಂಡಿಯೂ ಇಲ್ಲ.

ಆದರೆ 380ರಿಂದ 45ಕ್ಕೆ ಹನಿಯೂ ಸಾಲದು. ಮೀನಿನ ಮೈ ಗಂಟೆಯ ಲೆಕ್ಕದಲ್ಲಿ ಒಗ್ಗುವುದಿಲ್ಲ, ಅದಕ್ಕೆ ದಿನಗಳೇ ಬೇಕು.

ಕರೆಂಟ್ ಹೋಯಿತು. ಬಂತು. ಮತ್ತೆ ಹೋಯಿತು.

“ಹಾಗಾದ್ರೆ ವಾಪಸ್ ಕೊಡುದಾ ಮಾಮ?” ಸ್ವರ ಸಣ್ಣದಾಗಿತ್ತು.

ವಾಪಸೆಂಥದ್ದು! ಅಟ್ಟದ ಮೇಲೆ 25 ಲೀಟರಿನ ಟಬ್ ಉಂಟು, ಅದು ಮೋಲಿಗಳಿಗೆ. ಅಂಗಡಿಗೆ ಕ್ಯಾನ್ ಹಿಡಿದು ಹೋಗಿ, ಅದೇ ಟ್ಯಾಂಕಿನ ನೀರು 20 ಲೀಟರ್ ತರುವುದು. ಮೀನು ಆ ನೀರಿನದ್ದೇ, ಹೊಸ ರೋಗ ಬರುವ ಪ್ರಶ್ನೆಯಿಲ್ಲ. ಟೆಟ್ರಾ ಟ್ಯಾಂಕಿನ ಎರಡು ಸ್ಪಂಜ್ ಫಿಲ್ಟರಲ್ಲಿ ಒಂದನ್ನು ತೊಳೆಯದೆ ಟಬ್ಬಿಗೆ ಇಡಬೇಕು, ಮೀನು ಹೊರಬಿಡುವ ವಿಷ ಅಮೋನಿಯವನ್ನು ತಿನ್ನುವ ಬ್ಯಾಕ್ಟೀರಿಯ ಅದರಲ್ಲೇ ಇರುವುದು. ತೊಳೆದ ಮೇಲೆ ಅದು ಬರೀ ಸ್ಪಂಜು. ದಿನಕ್ಕೆ ಎರಡು ಲೀಟರ್ ತೆಗೆದು ಬಾವಿ ನೀರು ಎರಡು ಲೀಟರ್. ಗಡಸು ಪೂರ್ತಿ ಇಳಿಯಬಾರದಲ್ಲ, ಅದಕ್ಕೆ ಮರುವಾಯಿ ಚಿಪ್ಪು, ಅಂದರೆ ತಿನ್ನುವ ಕಪ್ಪೆಚಿಪ್ಪಿನದ್ದು. ಅಕ್ಕನ ಮನೆಯಲ್ಲಿ ಅದಕ್ಕೆ ಬರವಿಲ್ಲ. ಮಸಾಲೆ ವಾಸನೆ ಹೋಗುವಷ್ಟು ಕುದಿಸಿ, ಉಜ್ಜಿ, ಒಂದು ಮುಷ್ಟಿ ಚಿಪ್ಪನ್ನು ಬಲೆಚೀಲದಲ್ಲಿ ಗುಳ್ಳೆ ಏಳುವ ಕಡೆ ನೇತು ಹಾಕಿದರೆ ಅದರ ಸುಣ್ಣದ ಅಂಶ ಹುಳಿ ನೀರಿನಲ್ಲಿ ಮೆಲ್ಲಗೆ ಕರಗುತ್ತದೆ. ಚಿಪ್ಪು ಸುಟ್ಟ ಸುಣ್ಣ ಮಾತ್ರ ಬೇಡ, ಚಿಟಿಕೆ ಹಾಕಿದರೂ ಪಿಎಚ್ ಹಾರಿ ಮೀನಿನ ಕಥೆ ಮುಗಿಯುತ್ತದೆ. ಟೆಟ್ರಾ ಜೊತೆಗೆ ಮೋಲಿ ಬಿಡುವ ಆಸೆಯನ್ನು ಅವನು ಬಿಡಬೇಕು. ಎರಡೂ ಖುಷಿಯಾಗಿರುವ ನೀರು ಇಲ್ಲ.

ಇಷ್ಟೆಲ್ಲ ಕೇಳಿ ಅವನದ್ದೊಂದು ಪ್ರಶ್ನೆ: ಬಣ್ಣದ ಮೀನಿನ ವ್ಯಾಪಾರಕ್ಕೆ ಹೆಸರಾದ ಚೆನ್ನೈಯ ಕೊಳತ್ತೂರಿನಿಂದ ಪಾರ್ಸೆಲಲ್ಲಿ ತರಿಸಿದರೆ ಇನ್ನೂ ನಿಧಾನ ಮಾಡಬೇಕಾ? ಒಳ್ಳೆಯ ಪ್ರಶ್ನೆ. ಉತ್ತರ ಉಲ್ಟಾ, ಬೇಗ ಮಾಡಬೇಕು. ಒಂದು ದಿನ ಕಟ್ಟಿಟ್ಟ ತೊಟ್ಟೆಯಲ್ಲಿ ಮೀನು ಬಿಟ್ಟ ಕಾರ್ಬನ್ ಡೈಆಕ್ಸೈಡ್ ತುಂಬಿ ಪಿಎಚ್ ಇಳಿದಿರುತ್ತದೆ. ಹಾಗಾಗಿ ಅಮೋನಿಯ ಎಷ್ಟಿದ್ದರೂ ಹೆಚ್ಚಿನದ್ದು ವಿಷವಲ್ಲದ ಅಮೋನಿಯಮ್ ರೂಪದಲ್ಲಿ ಸುಮ್ಮನಿರುತ್ತದೆ. ತೊಟ್ಟೆಯ ಬಾಯಿ ಬಿಚ್ಚಿದೊಡನೆ ಆ ಕಾರ್ಬನ್ ಡೈಆಕ್ಸೈಡ್ ಹೊರಗೆ, ಪಿಎಚ್ ಮೇಲಕ್ಕೆ. ವಿಷದ ಪಾಲು ಪಿಎಚ್ 7ರಲ್ಲಿ ನೂರಕ್ಕೆ ಒಂದೂ ಇಲ್ಲ, 8ರಲ್ಲಿ ಐದಾರು. ಆ ನೀರಿನಲ್ಲಿ ಒಂದು ಗಂಟೆ ಹನಿ ಬಿಡುತ್ತಾ ಕೂತರೆ ಕಿವಿರು ಸುಡುತ್ತದೆ. ಏರ್ ಸ್ಟೋನ್ ಹಾಕಿದರಂತೂ ಇನ್ನೂ ಬೇಗ. ಅಂಥ ಪಾರ್ಸೆಲಿಗೆ ಕಳಿಸುವವರ ಬಳಿ ಟಿಡಿಎಸ್, ಪಿಎಚ್ ಮೊದಲೇ ಕೇಳಿ, ಅದಕ್ಕೆ ಹೊಂದುವ ನೀರನ್ನು ಟಬ್ಬಿನಲ್ಲಿ ತಯಾರಿಟ್ಟು, ತೊಟ್ಟೆಯನ್ನು ಬಿಚ್ಚದೆ ತೇಲಿಸಿ, ಬಿಚ್ಚಿದ ಕೂಡಲೇ ಬಲೆಯಲ್ಲಿ ಎತ್ತಿ ಬಿಡುವುದು.

ಪತ್ರೊಡೆ ಬೆಂದ ವಾಸನೆ ಬರುತ್ತಿದೆ.

ಎಂಟೂವರೆಗೆ ಮತ್ತೆ ಫೋನು. ನೀರು ತಂದಾಯಿತು, ಐದು ಮೋಲಿ ಸರಿ ಉಂಟು, ಒಂದು ಮಾತ್ರ ಮೇಲೆ ಬಂದು ಬಾಯಿ ತೆರೆಯುತ್ತಿದೆಯಂತೆ. ಕರೆಂಟ್ ಉಂಟಾ ಎಂದು ಕೇಳಿದೆ. ಇಲ್ಲ. ಬ್ಯಾಟರಿಯ ಏರ್ ಪಂಪು? ಅದರ ಸೆಲ್ಲು ಟಿವಿ ರಿಮೋಟಿಗೆ ಹೋಗಿದೆಯಂತೆ.